ಮೂಗಿನ ತೀರ್ಪು, ನಾಲಗೆಯ ಮೇಲ್ಮನವಿ

ಆಹಾರದ ವಿಷಯದಲ್ಲಿ ಮನುಷ್ಯನಿಗೆ ಮೂಗೇ ಮೊದಲ ಪರೀಕ್ಷಕ. ಹಳಸಿದ ಅನ್ನ, ಒಡೆದ ಹಾಲು, ಮುಗ್ಗಲು ಹಿಡಿದ ಹಿಟ್ಟು ಇವುಗಳನ್ನು ಕಣ್ಣು ಗುರುತಿಸುವುದಕ್ಕೆ ಮುಂಚೆಯೇ ಮೂಗು ಗುರುತಿಸಿ ನಮ್ಮನ್ನು ಎಚ್ಚರಿಸುತ್ತದೆ. ಆದರೆ ಈ ಪರೀಕ್ಷಕನ ತೀರ್ಪು ಸರ್ವಕಾಲಕ್ಕೂ ಸರಿಯೆಂದು ಹೇಳಲಾಗದು. ಕೆಟ್ಟುಹೋದ ಪದಾರ್ಥಕ್ಕೂ, ಬೇಕೆಂದೇ ಹುಳಿಸಿ ಮಾಗಿಸಿದ ಪದಾರ್ಥಕ್ಕೂ ಕೆಲವೊಮ್ಮೆ ಒಂದೇ ಬಗೆಯ ವಾಸನೆ ಇರುತ್ತದೆ. ನಮ್ಮ ಇಂಗನ್ನೇ ತೆಗೆದುಕೊಳ್ಳಿ. ಜರ್ಮನರು ಅದಕ್ಕೆ ಇಟ್ಟ ಹೆಸರಿನ ಅರ್ಥ ‘ಸೈತಾನನ ಮಲ’ ಎಂದು! ಆದರೆ ಇಂಗಿನ ಒಗ್ಗರಣೆ ಬೀಳದ ಸಾರು ನಮ್ಮಲ್ಲಿ ಅನೇಕರಿಗೆ ಸಾರೇ ಅಲ್ಲ.

ಇಂಗಿಗೆ ಇಂತಹ ಹೆಸರಿಟ್ಟ ಆ ಜನರ ಊಟದ ಮೇಜಿನ ಮೇಲೆಯೂ ಮೂಗು ಮುಚ್ಚಿಕೊಳ್ಳುವಂತಹ ಪದಾರ್ಥವೊಂದುಂಟು. ಅದರ ಹೆಸರು ಲಿಂಬರ್ಗರ್ ಚೀಸ್. ಅದನ್ನು ಮೊದಲ ಬಾರಿಗೆ ತಿಂದ ಅನುಭವವನ್ನೂ, ಆ ಬಳಿಕ ಓದಿ ತಿಳಿದ ಆರೋಗ್ಯ ಸಂಬಂಧವಾದ ಕೆಲವು ಸಂಗತಿಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಲೆಕ್ಕಪತ್ರಗಳ ನಡುವೆ ಜೀವನ ಸಾಗಿಸುವ ಬ್ಯಾಂಕಿನ ಅಧಿಕಾರಿ. ಆದುದರಿಂದ ಇಲ್ಲಿಯ ವಿವರಣೆಯಲ್ಲಿ ಜಮಾ-ಖರ್ಚಿನ ಭಾಷೆ ಅಲ್ಲಲ್ಲಿ ಇಣುಕಿದರೆ ಮನ್ನಿಸಬೇಕು.

ಲಿಂಬರ್ಗರಿನ ಕುಲಗೋತ್ರ

ನಮ್ಮ ನಿಘಂಟುಗಳಲ್ಲಿ ಚೀಸ್ ಎಂಬುದಕ್ಕೆ ‘ಗಿಣ್ಣು’ ಎಂಬ ಅರ್ಥ ಕೊಟ್ಟಿರುವುದುಂಟು. ಆದರೆ ಗಿಣ್ಣು ಈದ ಹಸುವಿನ ಮೊದಲ ಹಾಲನ್ನು ಬೇಯಿಸಿ ಮಾಡುವಂತಹದು. ಅಂದೇ ಮಾಡಿ ಅಂದೇ ಉಣ್ಣುವ ಪದಾರ್ಥ. ಚೀಸ್ ಹಾಗಲ್ಲ. ಹಾಲನ್ನು ಹೆಪ್ಪುಗಟ್ಟಿಸಿ, ನೀರು ಬಸಿದು, ಉಪ್ಪು ಸೇರಿಸಿ, ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಮಾಗಿಸಿದ ಪದಾರ್ಥ ಅದು.

ಇಂದು ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿರುವ ಹಿಂದಿನ ಲಿಂಬರ್ಗ್ ಸಂಸ್ಥಾನವೇ ಈ ಚೀಸಿನ ತವರು. ಬೆಲ್ಜಿಯಮ್ಮಿನ ಏರ್ವ್ ಎಂಬ ಊರಿನ ಹೆಸರಿನ ಚೀಸ್ ಇದರ ಹತ್ತಿರದ ಬಂಧು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಲ್ ಹಿರ್ನ್‌ಬೈನ್ ಎಂಬ ಭೂಮಾಲೀಕನ ಪ್ರಯತ್ನದಿಂದ ಇದರ ತಯಾರಿಕೆ ದಕ್ಷಿಣ ಜರ್ಮನಿಯ ಆಲ್ಗೊಯ್ ಬೆಟ್ಟಸೀಮೆಯಲ್ಲಿ ಬೇರೂರಿತು. ಅಮೆರಿಕಕ್ಕೆ ವಲಸೆ ಹೋದ ಯುರೋಪಿಯನ್ನರು ಅಲ್ಲಿಗೂ ಇದನ್ನು ಒಯ್ದರು. ವಿಸ್ಕಾನ್ಸಿನ್ ರಾಜ್ಯದ ಮನ್ರೋ ಪಟ್ಟಣದ ಬಳಿಯ ಒಂದು ಸಹಕಾರಿ ಸಂಸ್ಥೆಯು ದೀರ್ಘಕಾಲ ಆ ದೇಶದಲ್ಲಿ ಲಿಂಬರ್ಗರ್ ತಯಾರಿಸುವ ಏಕೈಕ ಸಂಸ್ಥೆಯಾಗಿತ್ತು. 1935ರಲ್ಲಿ ಮನ್ರೋದಿಂದ ಅಯೋವಾ ರಾಜ್ಯಕ್ಕೆ ಅಂಚೆಯಲ್ಲಿ ಹೋದ ಲಿಂಬರ್ಗರ್ ಪೊಟ್ಟಣದ ವಾಸನೆಯ ವಿಷಯವಾಗಿ ಎರಡೂ ಊರುಗಳ ಪೋಸ್ಟ್‌ಮಾಸ್ಟರುಗಳ ನಡುವೆ ಜಗಳ ಹುಟ್ಟಿ, ಕೊನೆಗೆ ಇಬ್ಬರೂ ಡುಬ್ಯೂಕ್ ಎಂಬ ಊರಿನಲ್ಲಿ ಸೇರಿ ಸಾರ್ವಜನಿಕವಾಗಿ ಚೀಸ್ ಮೂಸುವ ಪಂದ್ಯವನ್ನೇ ನಡೆಸಿದರು. ವಲಸೆ ಹೋದವರ ಬುತ್ತಿಯ ವಾಸನೆ ಜಗಳಕ್ಕೆ ಕಾರಣವಾಗುವುದು ನಮ್ಮೊಬ್ಬರ ಕಥೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಮೊದಲ ತುತ್ತು

2023ರ ಬೇಸಗೆಯಲ್ಲಿ ರಜೆ ಪಡೆದು, ಮ್ಯೂನಿಕ್ ನಗರದಲ್ಲಿ ನೆಲೆಸಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಒಂದು ಸಂಜೆ ಅಕ್ಕನ ಮಗಳು ಬೆಳ್ಳಿಕಾಗದದಲ್ಲಿ ಸುತ್ತಿದ ಇಟ್ಟಿಗೆಯಾಕಾರದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಮಳೆಗಾಲದಲ್ಲಿ ಇಡೀ ದಿನ ಒದ್ದೆ ಬೂಟಿನಲ್ಲಿದ್ದ ಕಾಲುಚೀಲವನ್ನು ಲೋಕಲ್ ಗಾಡಿಯ ಜನಸಂದಣಿಯಲ್ಲಿ ಯಾರೋ ಮುಖದ ಹತ್ತಿರ ಹಿಡಿದಂತಾಯಿತು. ಅಕ್ಕ ಎದ್ದು ಕಿಟಕಿ ತೆರೆದು, “ಅದನ್ನು ಬಾಲ್ಕನಿಗೆ ತೆಗೆದುಕೊಂಡು ಹೋಗಿ ತಿನ್ನಿರಪ್ಪ” ಎಂದಳು.

ನಾನು ಶಾಕಾಹಾರಿ. ಚೀಸ್ ಮಾಡುವಾಗ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ವಸ್ತುವನ್ನು ಬಳಸುವುದುಂಟೆಂದು ತಿಳಿದಿತ್ತು. ಕೇಳಿದೆ. ಹುಡುಗಿ ಪೊಟ್ಟಣದ ಮೇಲಿನ ಜರ್ಮನ್ ಅಕ್ಷರಗಳನ್ನು ಓದಿ, “ಇಲ್ಲ ಮಾವ, ಇದರಲ್ಲಿ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ ಹಾಕಿದ್ದಾರೆ. ನಿಮಗೂ ಆಗುತ್ತದೆ” ಎಂದಳು. ತಪ್ಪಿಸಿಕೊಳ್ಳಲು ಇದ್ದ ಕಡೆಯ ದಾರಿಯೂ ಮುಚ್ಚಿತು.

ಹೊರಪದರ ಕಿತ್ತಳೆ ಮಿಶ್ರಿತ ಕಂದು ಬಣ್ಣ, ಮುಟ್ಟಿದರೆ ಜಿಗುಟು. ಒಳಗೆ ತಿಳಿ ಹಳದಿ. ರೈ ಧಾನ್ಯದ ಕಪ್ಪು ಬ್ರೆಡ್ಡಿನ ಮೇಲೆ ಒಂದು ತೆಳು ಹೋಳನ್ನಿಟ್ಟು, ಮೇಲೆ ಹಸಿ ಈರುಳ್ಳಿಯ ಬಿಲ್ಲೆ ಹಾಕಿ ಕೊಟ್ಟಳು. “ಮೂಸಿ ನೋಡಬೇಡಿ, ಮಾವ. ಬಾಯಿಗಿಟ್ಟು ಉಸಿರು ಹೊರಗೆ ಬಿಡಿ” ಎಂದು ಸೂಚನೆಯನ್ನೂ ಕೊಟ್ಟಳು. ಹಾಗೆಯೇ ಮಾಡಿದೆ. ಬಾಯಲ್ಲಿ ಆ ದುರ್ಗಂಧವಿರಲಿಲ್ಲ! ಉಪ್ಪು, ಬೆಣ್ಣೆಯ ನುಣುಪು, ಸ್ವಲ್ಪ ಹುಳಿ, ಕೊನೆಯಲ್ಲಿ ಅಣಬೆಯನ್ನೂ ಹುರಿದ ಕಡಲೆಕಾಯಿಯನ್ನೂ ನೆನಪಿಗೆ ತರುವ ಒಂದು ರುಚಿ. ಎರಡನೆಯ ತುತ್ತನ್ನು ಯಾರೂ ಒತ್ತಾಯಿಸದೆಯೇ ತೆಗೆದುಕೊಂಡೆ. ಕೈಗೆ ಅಂಟಿದ ವಾಸನೆ ಮಾತ್ರ ಮರುದಿನ ಬೆಳಿಗ್ಗೆಯವರೆಗೂ ಬಿಡಲಿಲ್ಲ.

ಆಗ ಹುಡುಗಿ ಒಂದು ಮಾತು ಹೇಳಿದಳು. ಶಾಲೆಯ ಮೊದಲ ವರ್ಷ ಅಕ್ಕ ಬುತ್ತಿಗೆ ಬಿಸಿಬೇಳೆಭಾತ್ ಕಟ್ಟಿ ಕಳುಹಿಸಿದ್ದಳಂತೆ. ಇಂಗಿನ ವಾಸನೆಗೆ ಪಕ್ಕದ ಮಕ್ಕಳು ಮೂಗು ಮುಚ್ಚಿಕೊಂಡು ದೂರ ಸರಿದರಂತೆ. ಅಂದಿನಿಂದ ನಾಲ್ಕು ವರ್ಷ ಅವಳು ಬುತ್ತಿಗೆ ಬ್ರೆಡ್ಡು, ಜಾಮಿನ ಹೊರತು ಬೇರೇನನ್ನೂ ಒಯ್ಯಲಿಲ್ಲ. ಹಾಗೆ ದೂರ ಸರಿದವರಲ್ಲಿ ಒಬ್ಬಳು ಮುಂದೆ ಆಪ್ತ ಗೆಳತಿಯಾದಳು. ಲಿಂಬರ್ಗರಿನ ರುಚಿ ಹತ್ತಿದ್ದು ಆ ಗೆಳತಿಯ ಅಜ್ಜಿಯ ಮನೆಯಲ್ಲಿ. “ಅವರ ಮನೆಯಲ್ಲಿ ಇದನ್ನು ನೋಡಿದ ದಿನ ನನಗೆ ಅಳು ಬಂತು ಮಾವ, ನಗುವೂ ಬಂತು” ಎಂದಳು. ಅಕ್ಕನಿಗೆ ಈ ವಿಷಯ ಅಂದಿನವರೆಗೂ ತಿಳಿದಿರಲಿಲ್ಲ. ಅವಳು ಏನೂ ಹೇಳದೆ ತಾನೂ ಒಂದು ಹೋಳನ್ನು ಬ್ರೆಡ್ಡಿನ ಮೇಲೆ ಇಟ್ಟುಕೊಂಡಳು.

ವಾಸನೆಯ ಮೂಲ

ಕಾಲುಚೀಲದ ಹೋಲಿಕೆ ಕೇವಲ ಕಲ್ಪನೆಯಲ್ಲ. ಈ ಚೀಸ್ ಮಾಗುವಾಗ ಅದರ ಮೈಯನ್ನು ಉಪ್ಪುನೀರಿನಿಂದ ಮತ್ತೆ ಮತ್ತೆ ಒರೆಸುತ್ತಾರೆ. ಆ ಒದ್ದೆಯಾದ, ಉಪ್ಪುಪ್ಪಾದ ಮೇಲ್ಮೈಯಲ್ಲಿ ಬ್ರೆವಿಬ್ಯಾಕ್ಟೀರಿಯಂ ಲಿನೆನ್ಸ್ ಎಂಬ ಸೂಕ್ಷ್ಮಜೀವಿ ಹುಲುಸಾಗಿ ಬೆಳೆಯುತ್ತದೆ. ಕಿತ್ತಳೆ ಬಣ್ಣವೂ ಅದರದೇ ಕೊಡುಗೆ. ಅದು ಹಾಲಿನ ಪ್ರೋಟೀನನ್ನು ಒಡೆದಾಗ ಗಂಧಕವುಳ್ಳ ಮೀಥೇನ್‌ಥಯೋಲ್ ಮುಂತಾದ ಸಂಯುಕ್ತಗಳು ಹುಟ್ಟುತ್ತವೆ. ಮಾಗಿದ ಚೀಸಿನಲ್ಲಿರುವ ಐಸೋವೆಲೆರಿಕ್ ಆಮ್ಲವು ಬೆವರಿದ ಪಾದಗಳಲ್ಲಿಯೂ ಇರುತ್ತದೆ. ಈ ಸೂಕ್ಷ್ಮಜೀವಿಯ ದಾಯಾದಿಗಳು ಮನುಷ್ಯನ ಚರ್ಮದ ಮೇಲೆಯೇ, ಕಾಲ್ಬೆರಳುಗಳ ಸಂದಿಯಲ್ಲಿಯೂ, ವಾಸಿಸುತ್ತವೆ. ಇಂಗಿನ ಘಾಟಿಗೂ ಗಂಧಕದ ಸಂಯುಕ್ತಗಳೇ ಕಾರಣವೆಂಬುದನ್ನು ಇಲ್ಲಿ ನೆನೆಯಬಹುದು.

ಈ ಹೋಲಿಕೆಯಿಂದ ವೈದ್ಯವಿಜ್ಞಾನಕ್ಕೂ ಒಂದು ಲಾಭವಾಯಿತು. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗಾಂಬಿಯೇ ಸೊಳ್ಳೆಯು ಕಾಲು ಮತ್ತು ಪಾದಗಳನ್ನು ಹೆಚ್ಚಾಗಿ ಕಚ್ಚುವುದನ್ನು ಗಮನಿಸಿದ ಡಚ್ ವಿಜ್ಞಾನಿ ಬಾರ್ಟ್ ನೋಲ್ಸ್ ಮತ್ತು ಸಂಗಡಿಗರು, ಅದೇ ಸೊಳ್ಳೆ ಲಿಂಬರ್ಗರ್ ವಾಸನೆಗೂ ಆಕರ್ಷಿತವಾಗುತ್ತದೆಂದು 1996ರಲ್ಲಿ ಪ್ರಕಟಿಸಿದರು. ಸೊಳ್ಳೆಗಳನ್ನು ಬಲೆಗೆ ಸೆಳೆಯುವ ಗಂಧಗಳ ಶೋಧನೆಗೆ ಇದು ನೆರವಾಯಿತು. ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದು ಮೀಸಲಾದ ಇಗ್ ನೊಬೆಲ್ ಬಹುಮಾನವೂ 2006ರಲ್ಲಿ ಅವರಿಗೆ ದೊರಕಿತು.

ಮೂಗಿಗೆ ಎರಡು ಬಾಗಿಲು

ಮೂಗಿಗೆ ಅಸಹ್ಯವಾದದ್ದು ಬಾಯಿಗೆ ಹಿತವಾದುದು ಹೇಗೆ? ವಾಸನೆಯು ಎರಡು ದಾರಿಗಳಿಂದ ಒಳಬರುತ್ತದೆ. ಮೂಸಿದಾಗ ಹೊರಗಿನಿಂದ ಮೂಗಿನ ಹೊಳ್ಳೆಗಳ ಮೂಲಕ. ಅಗಿಯುವಾಗ ಬಾಯಿಯ ಹಿಂಬದಿಯಿಂದ ಗಂಟಲಿನ ಮೂಲಕ. ಈ ಎರಡನ್ನೂ ಮೆದುಳು ಒಂದೇ ರೀತಿಯಾಗಿ ಎಣಿಸುವುದಿಲ್ಲವೆಂದು ಪಾಲ್ ರೋಜಿನ್ ಎಂಬ ಮನೋವಿಜ್ಞಾನಿ 1982ರಲ್ಲಿ ವಾದಿಸಿದರು. ಹೊರಗಿನಿಂದ ಬಂದದ್ದು ಲೋಕದ ಸುದ್ದಿ. ಬಾಯಿಯಿಂದ ಬಂದದ್ದು ರುಚಿಯ ಅಂಗ.

ಇದಕ್ಕಿಂತಲೂ ಮನನೀಯವಾದ ಪ್ರಯೋಗವೊಂದು 2005ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳಿಂದ ಪ್ರಕಟವಾಯಿತು. ಐಸೋವೆಲೆರಿಕ್ ಆಮ್ಲಕ್ಕೆ ಸ್ವಲ್ಪ ಚೀಸಿನ ಪರಿಮಳ ಬೆರೆಸಿ ಜನರಿಗೆ ಮೂಸಲು ಕೊಟ್ಟು, ಒಮ್ಮೆ ‘ಚೆಡ್ಡಾರ್ ಚೀಸ್’ ಎಂಬ ಹೆಸರನ್ನೂ ಇನ್ನೊಮ್ಮೆ ‘ಮೈನಾತ’ ಎಂಬ ಹೆಸರನ್ನೂ ತೋರಿಸಿದರು. ವಾಸನೆ ಒಂದೇ. ಆದರೆ ಚೀಸ್ ಎಂಬ ಹೆಸರು ಕಂಡಾಗ ಜನರು ಅದನ್ನು ಹೆಚ್ಚು ಹಿತವೆಂದರು. ಮೆದುಳಿನ ಚಟುವಟಿಕೆಯಲ್ಲಿಯೂ ಆ ವ್ಯತ್ಯಾಸ ಕಂಡುಬಂದಿತು. ಅಂದರೆ ನಾವು ಮೂಸುವುದು ವಾಸನೆಯನ್ನು ಮಾತ್ರವಲ್ಲ. ಅದರ ಮೇಲೆ ಅಂಟಿಸಿದ ಚೀಟಿಯನ್ನೂ ಸಹ.

ಜಮಾ-ಖರ್ಚಿನ ಲೆಕ್ಕ

ಜಮಾ ಬದಿಯಲ್ಲಿ, ನೂರು ಗ್ರಾಂ ಲಿಂಬರ್ಗರಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನು, ಸುಮಾರು 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾಗುವಾಗ ಬಹುಮಟ್ಟಿಗೆ ಕರಗಿಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವ ಅನೇಕರಿಗೆ ಮಾಗಿದ ಚೀಸ್ ಒಗ್ಗುತ್ತದೆ.

ಖರ್ಚು ಬದಿಯಲ್ಲಿ, ಅದೇ ನೂರು ಗ್ರಾಮಿನಲ್ಲಿ ಸುಮಾರು 27 ಗ್ರಾಂ ಕೊಬ್ಬು, 800 ಮಿಲಿಗ್ರಾಂ ಸೋಡಿಯಂ. ಇದು ಎರಡು ಗ್ರಾಂ ಉಪ್ಪಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸೇವಿಸಬೇಕು. ಮೂವತ್ತು ಗ್ರಾಮಿನ ಒಂದು ಹೋಳು ಸುಮಾರು 0.6 ಗ್ರಾಂ ಉಪ್ಪನ್ನು ತರುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಂದ ಈಗಾಗಲೇ ಓವರ್‌ಡ್ರಾಫ್ಟಿನಲ್ಲಿರುವ ನಮ್ಮಂತಹವರು, ಅದರಲ್ಲೂ ರಕ್ತದೊತ್ತಡವುಳ್ಳವರು, ಈ ಲೆಕ್ಕವನ್ನು ಗಮನದಲ್ಲಿಡಬೇಕು. ಮನೆಗೆ ತರುವ ಯಾವುದೇ ಚೀಸಿಗೂ ಈ ಮಾತು ಅನ್ವಯಿಸುತ್ತದೆ.

ಯಾರು ದೂರವಿರಬೇಕು?

ಒಂದು: ಮಾಗಿದ ಚೀಸಿನಲ್ಲಿ ಟೈರಮೀನ್ ಎಂಬ ವಸ್ತು ಇರುತ್ತದೆ. ಸಾಮಾನ್ಯವಾಗಿ ಕರುಳು ಮತ್ತು ಯಕೃತ್ತಿನಲ್ಲಿರುವ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ಕಿಣ್ವವನ್ನು ತಡೆಯುವ ಕೆಲವು ಔಷಧಿಗಳನ್ನು ಖಿನ್ನತೆಗೆ ಕೊಡುವುದುಂಟು. ಅವುಗಳನ್ನು ಸೇವಿಸುವವರು ಮಾಗಿದ ಚೀಸ್ ತಿಂದರೆ ರಕ್ತದೊತ್ತಡ ಥಟ್ಟನೆ ಅಪಾಯಕರ ಮಟ್ಟಕ್ಕೆ ಏರಬಹುದು. ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ವೈದ್ಯರು 1963ರಲ್ಲಿ ಈ ಸಂಬಂಧವನ್ನು ಜಗತ್ತಿನ ಗಮನಕ್ಕೆ ತಂದರು. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್, ಔಷಧಿಗೆ ಬಗ್ಗದ ಕ್ಷಯಕ್ಕೂ ಇತರ ಸೋಂಕುಗಳಿಗೂ ಕೊಡುವ ಲಿನೆಜೊಲಿಡ್ ಇವುಗಳಿಗೂ ಇಂತಹ ಗುಣ ಸ್ವಲ್ಪಮಟ್ಟಿಗೆ ಇರುವುದರಿಂದ, ನಮ್ಮ ದೇಶದಲ್ಲಿ ಈ ಎಚ್ಚರಿಕೆಗೆ ಹೆಚ್ಚಿನ ಮಹತ್ವವಿದೆ. ಚೀಸಿಗಾಗಿ ಔಷಧಿಯನ್ನು ಬಿಡಕೂಡದು. ಔಷಧಿ ಬರೆದುಕೊಡುವಾಗಲೇ ಪಥ್ಯವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಎರಡು: ಗರ್ಭಿಣಿಯರು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಮೈಮೇಲೆ ಮಾಗುವ ಇಂತಹ ಮೆದು ಚೀಸನ್ನು ಹಸಿಯಾಗಿ ತಿನ್ನಬಾರದು. ಫ್ರಿಜ್ಜಿನ ಚಳಿಯಲ್ಲಿಯೂ ಬೆಳೆಯಬಲ್ಲ ಲಿಸ್ಟೀರಿಯಾ ಎಂಬ ರೋಗಾಣು ಅದರಲ್ಲಿ ಸೇರಿಕೊಳ್ಳಬಹುದು. 1983ರಿಂದ 1987ರವರೆಗೆ ಪಶ್ಚಿಮ ಸ್ವಿಟ್ಜರ್ಲೆಂಡಿನಲ್ಲಿ ಇಂತಹುದೇ ಮೆದು ಚೀಸಿನಿಂದ ಈ ರೋಗ ಹರಡಿ ಸಾವುಗಳು ಸಂಭವಿಸಿದ್ದವು. ಗಮನಿಸಿ: ಲಿಸ್ಟೀರಿಯಾಕ್ಕೆ ವಾಸನೆಯ ಸೂಚನೆ ಇಲ್ಲ. ನಾರುವ ಚೀಸ್ ನಿರಪಾಯಕರವಾಗಿರಬಹುದು, ನಾರದಿರುವುದು ಅಪಾಯಕರವಾಗಿರಬಹುದು.

ಮೂರು: ಶಾಕಾಹಾರಿಗಳು ಹೊರದೇಶದ ಚೀಸ್ ಕೊಳ್ಳುವಾಗ ರೆನೆಟ್ಟಿನ ವಿವರವನ್ನು ಓದಬೇಕು. ನಮ್ಮ ದೇಶದಲ್ಲಿ ಮಾರುವ ಪೊಟ್ಟಣಗಳ ಮೇಲೆ ಶಾಕಾಹಾರದ ಹಸಿರು ಗುರುತನ್ನು ನೋಡಿದರೆ ಸಾಕು.

ನೆರೆಮನೆಯ ವಾಸನೆ

ಈ ಲೇಖನವನ್ನು ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದನ್ನು ಬರೆಯಲು ನನ್ನನ್ನು ಪ್ರೇರಿಸಿದ ಸಂಗತಿ ಬೇರೆಯದು. ನಾನಿರುವ ಕಟ್ಟಡದ ಸೊಸೈಟಿಗೆ ನಾನು ಖಜಾಂಚಿ. ಮೂರನೆಯ ಮಹಡಿಯಲ್ಲಿ ಕರಾವಳಿಯಿಂದ ಬಂದ ಕುಟುಂಬವೊಂದು ಬಾಡಿಗೆಗಿದೆ. ಅವರು ಒಣಮೀನು ಸುಡುವ ವಾಸನೆ ಮೆಟ್ಟಿಲುಗಳವರೆಗೆ ಬರುತ್ತದೆಂದೂ, ಮನೆಯ ಮಾಲೀಕರು ಬಾಡಿಗೆಯ ಕರಾರನ್ನು ನವೀಕರಿಸದಂತೆ ಸೊಸೈಟಿಯು ಪತ್ರ ಬರೆಯಬೇಕೆಂದೂ ಕೆಲವು ಸದಸ್ಯರು ಅರ್ಜಿ ಕೊಟ್ಟಿದ್ದಾರೆ. ಆ ಮನೆಯಲ್ಲಿ ಹತ್ತನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನಿದ್ದಾನೆ. ಪರೀಕ್ಷೆಗೆ ಐದು ತಿಂಗಳಿದೆ. ಅರ್ಜಿ ಬರುವ ಸಭೆಯ ಮುಂದಿದೆ.

ಒಣಮೀನನ್ನು ನಾನು ತಿನ್ನುವವನಲ್ಲ. ಅದರ ವಾಸನೆ ನನಗೂ ಹಿತವಲ್ಲ. ಆದರೆ ಆ ವಾಸನೆಯಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಹೊಗೆಯಿಂದ ತೊಂದರೆಯಾಗುತ್ತಿದ್ದರೆ ಅಡುಗೆಮನೆಗೆ ಗಾಳಿ ಹೊರಹಾಕುವ ಫ್ಯಾನ್ ಹಾಕಿಸಬಹುದು. ಸುಡುವಾಗ ಮೆಟ್ಟಿಲ ಕಡೆಯ ಬಾಗಿಲನ್ನು ಮುಚ್ಚಿಕೊಳ್ಳಲು ಸೌಜನ್ಯದಿಂದ ಕೇಳಬಹುದು. ಫ್ಯಾನಿನ ವೆಚ್ಚಕ್ಕೆ ಸೊಸೈಟಿಯ ದುರಸ್ತಿ ನಿಧಿಯಲ್ಲಿ ಹಣವಿದೆ. ಖಜಾಂಚಿಯಾಗಿ ನಾನು ಅದನ್ನು ದೃಢಪಡಿಸಬಲ್ಲೆ. ಇಷ್ಟನ್ನೂ ಲಿಖಿತವಾಗಿ ಸಭೆಯ ಮುಂದಿಡಲು ನಿಶ್ಚಯಿಸಿದ್ದೇನೆ. ಬಹುಮತ ಹೇಗೆ ಬೀಳುವುದೋ ಹೇಳಲಾರೆ.

ನಮ್ಮ ಸಂಘದ ಸದಸ್ಯರಲ್ಲಿ ಬಹುಪಾಲು ಜನರು ಒಂದಿಲ್ಲೊಂದು ಕಾಲದಲ್ಲಿ ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿ ಅಲೆದವರೇ. “ಏನು ತಿನ್ನುತ್ತೀರಿ?” ಎಂಬ ಪ್ರಶ್ನೆಗೆ ಉತ್ತರಿಸಿಯೇ ಬೀಗದ ಕೈ ಪಡೆದವರು ನಮ್ಮಲ್ಲಿ ಎಷ್ಟೋ ಮಂದಿ. ತಮ್ಮ ತಮ್ಮ ಕಟ್ಟಡಗಳಲ್ಲಿ ಇಂತಹ ಅರ್ಜಿ ಬಂದಾಗ, ಸಹಿ ಹಾಕುವುದಕ್ಕೆ ಮುಂಚೆ ಆ ಮನೆಯ ಬಾಗಿಲನ್ನು ಒಮ್ಮೆ ತಟ್ಟಿ, ಒಳಗೆ ಕುಳಿತು ನಾಲ್ಕು ಮಾತನಾಡಬೇಕೆಂದು ವಾಚಕರಲ್ಲಿ ನನ್ನ ವಿನಂತಿ.