ವೇದಾವತಿಯ ಜಾಡಿನಲ್ಲಿ ಒಂದು ಸಂಚಾರ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯು ಬೇಸಾಯಗಾರರಿಗೂ ಸಲ್ಲತಕ್ಕದ್ದಾಗಿದೆ. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ನಾಲ್ಕು ದಿನಗಳ ಬಿಡುವು ದೊರೆತರೆ, ನಮ್ಮ ರೈತರು ಸಂಸಾರ ಸಮೇತರಾಗಿ ಪ್ರವಾಸ ಹೊರಡುವುದು ಈಗ ಅಪರೂಪವಲ್ಲ. ಆದರೆ ಹೋಗುವ ಸ್ಥಳಗಳು ಬಹುಮಟ್ಟಿಗೆ ಅವೇ: ಬೇಲೂರು, ಹಳೇಬೀಡು, ಶೃಂಗೇರಿ, ಧರ್ಮಸ್ಥಳ, ಮೈಸೂರು. ಇವೆಲ್ಲವೂ ನೋಡತಕ್ಕ ಸ್ಥಳಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆದ್ದಾರಿಯನ್ನು ಬಿಟ್ಟು ಒಂದೆರಡು ಹರದಾರಿ ಒಳಗೆ ಸರಿದರೆ, ಜನಸಂದಣಿಯಿಲ್ಲದ, ಖರ್ಚು ಕಡಮೆಯಾದ, ನೋಡಿದವನಿಗೆ ಬುದ್ಧಿಯನ್ನೂ ಕಲಿಸುವ ಸ್ಥಳಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ.

ಅಂತಹ ಸ್ಥಳಗಳನ್ನು ಹುಡುಕುವ ಬಗೆ ಹೇಗೆಂದು ಕೇಳಬಹುದು. ಅದಕ್ಕೆ ಒಂದು ಸುಲಭೋಪಾಯವುಂಟು. ತಾಲ್ಲೂಕಿನ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದು ಹಳ್ಳವನ್ನಾಗಲಿ ಹೊಳೆಯನ್ನಾಗಲಿ ಹಿಡಿದು, ಅದು ಹುಟ್ಟಿದ ಕಡೆಯಿಂದ ಕೆಳಕ್ಕೆ ಹೋಗುತ್ತಾ ಬರುವುದೇ ಆ ಉಪಾಯ. ನಮ್ಮ ಪೂರ್ವಿಕರು ನೀರಿದ್ದಲ್ಲಿ ಕೆರೆ ಕಟ್ಟಿದರು. ಕೆರೆಯಿದ್ದಲ್ಲಿ ಊರು ಬೆಳೆಯಿತು. ಊರು ಬೆಳೆದಲ್ಲಿ ಗುಡಿ, ಪೇಟೆ, ತೋಟಗಳಾದುವು. ಆದುದರಿಂದ ನೀರಿನ ಜಾಡನ್ನು ಹಿಡಿದವನಿಗೆ ಉಳಿದುದೆಲ್ಲವೂ ತಾನಾಗಿಯೇ ಕಾಣುವುದು. ಇದಕ್ಕೆ ನಿದರ್ಶನವಾಗಿ ವೇದಾವತಿ ನದಿಯ ದಾರಿಯನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಮೂರು ದಿನಗಳು ಸಾಕು.

ಅಯ್ಯನ ಕೆರೆ

ವೇದಾವತಿಯ ಮೂಲವು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿದೆ. ಕರ್ನಾಟಕದಲ್ಲಿಯೇ ಅತ್ಯಂತ ಎತ್ತರವಾದ ಮುಳ್ಳಯ್ಯನಗಿರಿಯೂ ಇದೇ ಶ್ರೇಣಿಗೆ ಸೇರಿದುದು. ಪ್ರವಾಸಿಗಳ ಗುಂಪು ಈ ಬೆಟ್ಟಗಳನ್ನು ಹತ್ತಿ, ಮಂಜನ್ನು ನೋಡಿ, ಬಂದ ದಾರಿಯಲ್ಲಿಯೇ ಹಿಂತಿರುಗುವುದು ವಾಡಿಕೆ. ಆ ಮಂಜೂ ಮಳೆಯೂ ನೀರಾಗಿ ಪೂರ್ವಕ್ಕಿಳಿದು ಎಲ್ಲಿಗೆ ಹೋಗುವುದೆಂದು ನೋಡಹೊರಟವರು ಮಾತ್ರ ವಿರಳ.

ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ಮಾರ್ಗದಲ್ಲಿ ಸಖರಾಯಪಟ್ಟಣವೆಂಬ ಪುರಾತನ ಊರಿದೆ. ಅಲ್ಲಿಂದ ಒಳದಾರಿ ಹಿಡಿದರೆ ಅಯ್ಯನ ಕೆರೆಯು ಸಿಕ್ಕುವುದು. ಸುತ್ತಲೂ ಗುಡ್ಡಗಳು, ಶಕುನಗಿರಿಯ ಶಿಖರವು ನೀರಿಗೆ ಬೆನ್ನು ಕೊಟ್ಟು ನಿಂತಿದೆ. ಈ ಕೆರೆಯನ್ನು ಮೊದಲು ಕಟ್ಟಿಸಿದವನು ರುಕ್ಮಾಂಗದ ರಾಯನೆಂದು ಪ್ರತೀತಿ. ಕ್ರಿ.ಶ. 1156 ರಲ್ಲಿ, ಹೊಯ್ಸಳರ ಕಾಲದಲ್ಲಿ, ಇದರ ಜೀರ್ಣೋದ್ಧಾರವಾಯಿತು. ಎಂಟುನೂರು ವರ್ಷಗಳಿಗೂ ಹೆಚ್ಚಿನ ಕಾಲದಿಂದ ಒಂದು ಏರಿಯು ನಿಂತಿದೆಯೆಂದರೆ, ಕಟ್ಟಿದವರ ಕೌಶಲ್ಯವೊಂದೇ ಅದಕ್ಕೆ ಕಾರಣವಲ್ಲ. ತಲೆಮಾರಿನಿಂದ ತಲೆಮಾರಿಗೆ ಅದನ್ನು ಕಾದು ಬಂದವರ ಎಚ್ಚರವೂ ಕಾರಣವೆಂದು ತಿಳಿಯತಕ್ಕದ್ದು.

ಈ ಎಚ್ಚರವನ್ನು ಕುರಿತು ಅಲ್ಲಿನ ಜನರು ಒಂದು ಕಥೆಯನ್ನು ಹೇಳುವರು. ಕೆರೆಯ ಗಂಗಮ್ಮನು ಒಂದು ರಾತ್ರಿ ಕಾವಲುಗಾರನಿಗೆ ಕಾಣಿಸಿಕೊಂಡು, ಏರಿಯನ್ನು ಒಡೆದುಕೊಂಡು ಹೋಗುವೆನೆಂದಳಂತೆ. ಅವನು, ‘ತಾಯೀ, ದೊರೆಗೆ ತಿಳಿಸಿ ಬರುವೆನು; ನಾನು ಬರುವವರೆಗೂ ತಡೆದಿರು’ ಎಂದು ಮಾತು ಪಡೆದು ಓಡಿದನಂತೆ. ಸುದ್ದಿಯನ್ನು ಕೇಳಿದ ದೊರೆಯು, ಇವನು ಹಿಂತಿರುಗದಿದ್ದರೆ ದೇವಿಯು ಮಾತಿಗೆ ಕಟ್ಟುಬಿದ್ದು ನಿಲ್ಲುವಳೆಂದು ಯೋಚಿಸಿ, ಆ ಬಡವನ ತಲೆಯನ್ನೇ ತೆಗೆಯಿಸಿದನಂತೆ. ಕಥೆಯು ಕ್ರೂರವಾದುದೇ ಸರಿ. ಆದರೆ ಒಂದು ಕೆರೆಯ ಬೆಲೆ ಎಷ್ಟೆಂದು ನಮ್ಮ ಹಿರಿಯರು ಎಣಿಸಿದ್ದರೆಂಬುದು ಅದರಿಂದ ವಿಶದವಾಗುವುದು.

ಏರಿಯ ಮೇಲೆ ನಿಂತು ನೀರನ್ನು ನೋಡಿದರೆ ಅರ್ಧ ನೋಟವಾದಂತೆ. ಹಿಂದಕ್ಕೆ ತಿರುಗಿ ಅಚ್ಚುಕಟ್ಟನ್ನೂ ನೋಡಬೇಕು. ತೂಬಿನಿಂದ ಹೊರಟ ಕಾಲುವೆಯು ಅಡಕೆ, ತೆಂಗಿನ ತೋಟಗಳ ನಡುವೆ ಹೇಗೆ ಕವಲೊಡೆಯುವುದೆಂಬುದನ್ನು ನಡೆದೇ ತಿಳಿಯಬೇಕು. ಊರಿನಲ್ಲಿ ನೀರುಗಂಟಿಯ ಕೆಲಸವನ್ನು ಬಲ್ಲ ಹಿರಿಯರು ಸಿಕ್ಕಿದರೆ ಅವರೊಡನೆ ಒಂದು ಗಳಿಗೆ ಮಾತನಾಡಿರಿ. ನೀರನ್ನು ಹಂಚುವುದು ಎಷ್ಟು ಸೂಕ್ಷ್ಮವಾದ ವಿದ್ಯೆಯೆಂಬುದು ಆಗ ತಿಳಿದುಬರುವುದು.

ಮದಗದ ಕೆರೆ ಮತ್ತು ಸಂಗಮ

ಅಯ್ಯನ ಕೆರೆಯಿಂದ ಹೊರಟ ಹಳ್ಳಕ್ಕೆ ವೇದಾ ಎಂದು ಹೆಸರು. ಅದೇ ಬೆಟ್ಟಗಳಿಂದ ಇಳಿದುಬರುವ ಇನ್ನೊಂದು ಹಳ್ಳವಾದ ಅವತಿಯು, ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಬಳಿಯ ಮದಗದ ಕೆರೆಯನ್ನು ತುಂಬುವುದು. ಈ ಕೆರೆಯ ಹೆಸರನ್ನು ಜನಪದ ಗೀತೆಯಲ್ಲಿ ಕೇಳಿದವರು ಅನೇಕರು. ಕಣ್ಣಿನಿಂದ ಕಂಡವರು ಸ್ವಲ್ಪ. ಕಾಡುಗುಡ್ಡಗಳ ಮಗ್ಗುಲಲ್ಲಿರುವ ಈ ವಿಶಾಲವಾದ ಜಲರಾಶಿಯನ್ನು ಸಂಜೆಯ ಹೊತ್ತಿನಲ್ಲಿ ನೋಡುವುದು ಕಣ್ಣಿಗೆ ಹಬ್ಬವೇ ಸರಿ. ವೇದಾ, ಅವತಿ ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯೆನಿಸುವುವು.

ಇಲ್ಲಿಂದ ಮುಂದೆ ಪ್ರಯಾಣಿಕನು ಭೂಮಿಯ ಬಣ್ಣವನ್ನು ಗಮನಿಸುತ್ತಾ ಹೋಗತಕ್ಕದ್ದು. ಬೆಟ್ಟದ ಮೇಲೆ ಮರದ ನೆರಳಿನಲ್ಲಿ ಕಾಫಿ, ತಪ್ಪಲಿನಲ್ಲಿ ಅಡಕೆ, ಕಡೂರಿನ ಬಯಲಿನಲ್ಲಿ ರಾಗಿ, ಈರುಳ್ಳಿ, ತೆಂಗು, ಹೊಸದುರ್ಗದ ಕಡೆ ಸಾವೆ ಮತ್ತು ದಾಳಿಂಬೆ, ಹಿರಿಯೂರಿನ ಹೊಲಗಳಲ್ಲಿ ಕಡಲೆಕಾಯಿ. ಮಳೆಯು ಹೆಜ್ಜೆ ಹೆಜ್ಜೆಗೂ ಕುಗ್ಗುತ್ತಾ ಬಂದಂತೆ ಬೆಳೆಯು ಹೇಗೆ ಮಾರ್ಪಡುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವು ಯಾವ ಪುಸ್ತಕದಲ್ಲಿಯೂ ದೊರೆಯಲಾರದು. ಹೊಸದುರ್ಗ ತಾಲ್ಲೂಕಿನಲ್ಲಿ ಹಾಲುರಾಮೇಶ್ವರವೆಂಬ ಕ್ಷೇತ್ರವಿದೆ. ಅಲ್ಲಿನ ಪುಟ್ಟ ಕೊಳದ ಮುಂದೆ ಭಕ್ತರು ಕುಳಿತು ಗಂಗೆಯ ಪ್ರಸಾದವು ನೀರಿನ ಮೇಲೆ ತೇಲಿಬರುವುದನ್ನು ಕಾಯುವರು. ಒಣನಾಡಿನಲ್ಲಿ ಒಂದು ಬುಗ್ಗೆಯು ದೇವರಾಗುವುದು ಆಶ್ಚರ್ಯವಲ್ಲ.

ಮಾರಿಕಣಿವೆ

ಹಿರಿಯೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಅಣೆಕಟ್ಟೇ ಮಾರಿಕಣಿವೆ. 1898 ರಲ್ಲಿ ಆರಂಭವಾದ ಕೆಲಸವು 1907 ರಲ್ಲಿ ಮುಗಿಯಿತು. ಆಗ ರಾಜಪ್ರತಿನಿಧಿಯಾಗಿದ್ದು ಮೈಸೂರು ಸಂಸ್ಥಾನವನ್ನು 1902 ರವರೆಗೆ ಆಳಿದ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರ ಹೆಸರಿನಿಂದ ಇದಕ್ಕೆ ವಾಣಿವಿಲಾಸ ಸಾಗರವೆಂಬ ನಾಮಧೇಯವಾಯಿತು. ಸುಣ್ಣದ ಗಾರೆಯಿಂದ ಕಟ್ಟಿದ ಈ ಗೋಡೆಯು ಇಂದಿಗೂ ದೃಢವಾಗಿ ನಿಂತು, ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಕಟ್ಟೆಯ ಮೇಲಣ ಮಂಟಪಗಳೂ, ಸಮೀಪದ ಕಣಿವೆ ಮಾರಮ್ಮನ ಗುಡಿಯೂ ನೋಡತಕ್ಕವು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿ ಪುರಾಣ ಕಥೆಗಳ ವರ್ಣಚಿತ್ರಗಳಿವೆ. ಕೃಷಿಯಲ್ಲಿ ಆಸಕ್ತರು ಬಬ್ಬೂರು ಫಾರಂ ಎಂದು ಪ್ರಸಿದ್ಧವಾದ ಸಂಶೋಧನಾ ಕೇಂದ್ರವನ್ನೂ ಸಂದರ್ಶಿಸಬಹುದು.

ಈ ಸಂಚಾರದ ತಿರುಳು ಇರುವುದು ಇಲ್ಲಿಯೇ. ಈ ಜಲಾಶಯದಲ್ಲಿ ನೀರು 130 ಅಡಿಗೆ ಏರಿದರೆ ಕೋಡಿ ಹರಿಯುವುದು. 1933 ರಲ್ಲಿ ಹಾಗೆ ಹರಿದ ಕೋಡಿಯು ಮತ್ತೆ ಹರಿದುದು 2022 ರಲ್ಲಿ; ನಡುವೆ ಕಳೆದುವು 89 ವರ್ಷಗಳು. ಕೋಡಿಯ ನೀರನ್ನು ನೋಡಲು ಆಗ ಜನರು ತಂಡತಂಡವಾಗಿ ಬಂದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ಬರಗಾಲವು ಮೇಲಿಂದ ಮೇಲೆ ಬಂದು, ಹಿರಿಯೂರು ಸೀಮೆಯ ತೆಂಗಿನ ತೋಟಗಳು ಸುಳಿಯೊಣಗಿ ಬೋಳಾಗಿ ನಿಂತಿದ್ದಾಗ ನೋಡಲು ಬಂದ ಪ್ರವಾಸಿಗಳಿಲ್ಲ. ಮೂವತ್ತು ನಲವತ್ತು ವರ್ಷ ಸಾಕಿದ ಮರವನ್ನು ಕಡಿಯುವ ಬೇಸಾಯಗಾರನ ದುಃಖವು ಬೇಸಾಯಗಾರನಿಗೇ ಗೊತ್ತು. 2019 ರಿಂದ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರನ್ನು ಮೇಲೆತ್ತಿ ಇಲ್ಲಿಗೆ ಹರಿಸಲು ಮೊದಲಾದುದರಿಂದ ಈ ನಾಡಿಗೆ ಒಂದು ಆಸರೆಯಾಗಿದೆ.

ಹಾಗೆಂದ ಮಾತ್ರಕ್ಕೆ ಸ್ವಂತ ಹೊಳೆಯನ್ನು ಮರೆಯಬಹುದೆಂದು ಅರ್ಥವಲ್ಲ. ಬೆಟ್ಟದ ಮೇಲೆ ಮರ ಕಡಿದರೆ ಮಣ್ಣು ಕೊಚ್ಚಿ ಕೆರೆಗೆ ಹೂಳಾಗುವುದು. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲದು. ಹಳ್ಳದ ಪಾತ್ರವನ್ನು ಒತ್ತಿ ಉತ್ತರೆ ಕೆಳಗಿನ ಊರಿಗೆ ನೀರು ಮುಟ್ಟದು. ಅಯ್ಯನ ಕೆರೆಯ ಏರಿಯ ಮೇಲೆ ನಿಂತವನಿಗೆ ಹಿರಿಯೂರಿನ ತೆಂಗಿನ ಮರವು ಕಾಣಿಸದು. ಆದರೆ ಮೂರು ದಿನ ಹೊಳೆಯ ಜಾಡನ್ನು ಹಿಡಿದು ನಡೆದವನಿಗೆ ಮೇಲಣ ಊರಿಗೂ ಕೆಳಗಣ ಊರಿಗೂ ಇರುವ ನಂಟು ಮನಸ್ಸಿಗೆ ನಾಟುವುದು. ಇಂತಹ ಪ್ರವಾಸದ ನಿಜವಾದ ಲಾಭವಿದು.

ಪ್ರಯಾಣಿಕರಿಗೆ ಕೆಲವು ಸೂಚನೆಗಳು

ಕಾರ್ತೀಕದಿಂದ ಮಾಘದವರೆಗಿನ ಕಾಲವು ಈ ಸಂಚಾರಕ್ಕೆ ಪ್ರಶಸ್ತವಾದುದು. ಆಗ ಕೆರೆಗಳಲ್ಲಿ ನೀರಿರುವುದು, ಬಿಸಿಲೂ ಹಿತವಾಗಿರುವುದು. ಕಡೂರಿನವರೆಗೆ ರೈಲಿನಲ್ಲಿ ಬರಬಹುದು. ಹಿರಿಯೂರು ಬೆಂಗಳೂರು-ಪುಣೆ ಹೆದ್ದಾರಿಯ ಮೇಲೆಯೇ ಇದೆ. ಒಳದಾರಿಗಳಲ್ಲಿ ಹೋಟೆಲುಗಳು ವಿರಳವಾದುದರಿಂದ ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಲೇಸು. ಕೆರೆಗಳಲ್ಲಿ ಈಜಲು ಇಳಿಯಬಾರದು; ತೂಬಿನ ಬಳಿ ಸೆಳೆತವು ಕಣ್ಣಿಗೆ ಕಾಣದು. ಅಚ್ಚುಕಟ್ಟಿನಲ್ಲಿ ನಡೆಯುವಾಗ ಬದುವಿನ ಮೇಲೆಯೇ ನಡೆಯಿರಿ, ಪೈರನ್ನು ತುಳಿಯಬೇಡಿರಿ. ಊಟದ ಎಲೆ, ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಏರಿಯ ಮೇಲೆ ಬಿಸುಡದೆ ಹಿಂದಕ್ಕೆ ತರತಕ್ಕದ್ದು. ಗುಡಿಯ ಮುಂದಿನ ಶಾಸನದ ಕಲ್ಲಿನ ಮೇಲೆ ಕುಂಕುಮ, ಎಣ್ಣೆ, ಸುಣ್ಣಗಳನ್ನು ಬಳಿಯಬಾರದು.

ವೇದಾವತಿಯು ಒಂದು ನಿದರ್ಶನ ಮಾತ್ರ. ಪ್ರತಿಯೊಂದು ಹೋಬಳಿಯಲ್ಲಿಯೂ ಹೆಸರಿಲ್ಲದ ಒಂದು ಹಳ್ಳವುಂಟು. ಅದರ ಮೇಲೆ ಯಾರೋ ಕಟ್ಟಿದ ಕೆರೆಯುಂಟು. ಏರಿಯ ಮೂಲೆಯಲ್ಲಿ ಪೊದೆ ಮುಚ್ಚಿದ ಒಂದು ಕಲ್ಲುಂಟು. ವಾಚಕರು ಮೊದಲು ತಮ್ಮ ಮಕ್ಕಳನ್ನು ಕರೆದುಕೊಂಡು ತಮ್ಮ ಊರಿನ ಹಳ್ಳದ ತಲೆಯಿಂದ ಕೋಡಿಯವರೆಗೆ ಒಂದು ದಿನ ನಡೆದು ನೋಡಲಿ. ತೂಬು ಸರಿಯಾಗಿದೆಯೆ, ಏರಿಯಲ್ಲಿ ಗಿಡಗಳು ಬೇರೂರಿವೆಯೆ, ಕಾಲುವೆಯು ಒತ್ತುವರಿಯಾಗಿದೆಯೆ ಎಂಬುದನ್ನು ಕಂಡುಕೊಂಡು, ಗ್ರಾಮ ಪಂಚಾಯಿತಿಯ ಗಮನಕ್ಕೆ ತರಲಿ.