ಚಿಂಚೋಳಿಯ ಕಾಡು, ತಾಂಡಾದ ಹೊಲ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಾದ ನಮಗೆ ಎತ್ತ ನೋಡಿದರೂ ಎರೆಭೂಮಿ, ಜೋಳ, ತೊಗರಿ. ಬೆಟ್ಟ ಕಾಡುಗಳನ್ನು ಕಾಣಲು ಮಲೆನಾಡಿಗೇ ಹೋಗಬೇಕೆಂಬುದು ನಮ್ಮಲ್ಲಿ ಅನೇಕರ ಭಾವನೆ. ಆದರೆ ನಮ್ಮ ಜಿಲ್ಲೆಯಲ್ಲಿಯೇ, ಕಲಬುರಗಿಯಿಂದ ಸುಮಾರು 85 ಕಿ.ಮೀ. ದೂರದ ಚಿಂಚೋಳಿಯ ಆಚೆ, ತೆಲಂಗಾಣದ ಗಡಿಯತ್ತ ಗುಡ್ಡಗಳ ಸಾಲೊಂದುಂಟು. ಅಲ್ಲಿಯ ಸುಮಾರು 135 ಚದರ ಕಿ.ಮೀ. ಅರಣ್ಯವು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಯಿತು.

ಮಳೆಗಾಲದ ಕೊನೆಯಲ್ಲಿ ಈ ಕಾಡು ಹಸಿರುಟ್ಟು ನಿಲ್ಲುತ್ತದೆ. ಚಂದ್ರಂಪಳ್ಳಿ ಜಲಾಶಯ ತುಂಬಿರುತ್ತದೆ, ಎತ್ತಿಪೋತ ಜಲಪಾತ ಧುಮುಕುತ್ತಿರುತ್ತದೆ. ಶ್ರೀಗಂಧ, ರಕ್ತಚಂದನದ ಮರಗಳು ಇಲ್ಲಿವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡಕುರಿಗಳಿಗೆ ಇದು ಆಶ್ರಯ.

ಈ ಕಾಡಿನ ಒಳಗೂ ಅಂಚಿನಲ್ಲಿಯೂ ಲಂಬಾಣಿ ಬಂಧುಗಳ ತಾಂಡಾಗಳಿವೆ. ಹಿಂದೆ ಎತ್ತುಗಳ ಮೇಲೆ ದವಸ, ಉಪ್ಪುಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಂಚರಿಸಿದವರ ವಂಶಸ್ಥರು ಇವರು. ಇಂದು ಮಳೆಯನ್ನೇ ನಂಬಿ ಬೇಸಾಯ ಮಾಡುತ್ತಾರೆ, ದನಕರು ಸಾಕುತ್ತಾರೆ. ಬೆಳೆ ಕೈಗೆ ಬರುವ ಕಾಲಕ್ಕೆ ಕಾಡುಹಂದಿಗಳು ಹೊಲಕ್ಕೆ ನುಗ್ಗಿದರೆ ವರ್ಷದ ದುಡಿಮೆ ಒಂದೇ ಇರುಳಿನಲ್ಲಿ ಮಣ್ಣುಪಾಲು.

ಇವರ ಚಿಂತೆ ಅಷ್ಟಕ್ಕೇ ಮುಗಿಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದವರು ಕಾಡಿನ ಭೂಮಿಯ ಮೇಲೆ ಹಕ್ಕು ಕೇಳಬೇಕಾದರೆ, 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು, ಗಡಿಯಾಚೆಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದವರು. ಆದುದರಿಂದ ಅಲ್ಲಿ ಕೇಳದ ಸಾಕ್ಷ್ಯವನ್ನು ಇಲ್ಲಿ ಕೇಳಲಾಗುತ್ತದೆ. 1930ರ ಸುಮಾರಿಗೆ ಇದು ನಿಜಾಮರ ಆಳ್ವಿಕೆಯ ನಾಡು. ಆ ಕಾಲದ ಕಾಗದಪತ್ರವನ್ನು ಬಡ ಕುಟುಂಬವೊಂದು ಎಲ್ಲಿಂದ ತಂದೀತು?

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಮಹಾದಾಸೋಹಿ ಶರಣಬಸವೇಶ್ವರರು ತಮ್ಮ ಹೊಲದ ಜೋಳಕ್ಕೆ ಎರಗಿದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇರಿಸಿದರೆಂಬ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಅದು ಅವರು ತಾವಾಗಿ ನೀಡಿದ ದಾಸೋಹ. ತಾಂಡಾದ ಒಕ್ಕಲಿಗನಾದರೋ ಯಾರೂ ಕೇಳದೆಯೇ ತನ್ನ ತುತ್ತನ್ನು ಕಾಡಿಗೆ ಕೊಡುತ್ತಿದ್ದಾನೆ. ಕಾಡು ಉಳಿದುದರ ಫಲ ನಮ್ಮೆಲ್ಲರದು, ಅದರ ಭಾರ ಮಾತ್ರ ಅವನೊಬ್ಬನದು ಎಂದಾದರೆ ಅದನ್ನು ದಾಸೋಹವೆನ್ನಲಾಗದು. ಬೆಳೆಹಾನಿಯ ಪರಿಹಾರವು ತಡವಿಲ್ಲದೆ ಅವನ ಕೈ ಸೇರುವುದು, ಅವನ ಹಕ್ಕಿನ ಅರ್ಜಿಗೆ ನ್ಯಾಯ ದೊರೆಯುವುದು ಕಾಡನ್ನು ಕಾಯುವ ಕೆಲಸದ ಭಾಗವೇ ಆಗಿದೆ.

ಈ ಬಾರಿಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಚಿಂಚೋಳಿಗೆ ಹೋಗಿ ಬನ್ನಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಒಳಹೋಗಿ. ಬುತ್ತಿಯ ಕಸವನ್ನು ಮರಳಿ ತನ್ನಿ, ಕೇಳದೆ ಯಾರ ಹೊಲವನ್ನೂ ತುಳಿಯಬೇಡಿ. ತಾಂಡಾದ ಹಿರಿಯರು ಮಾತಿಗೆ ಸಿಕ್ಕರೆ ಎರಡು ಗಳಿಗೆ ಕುಳಿತು ಅವರ ಸುಖದುಃಖ ಕೇಳಿ. ಕಾಡನ್ನು ನೋಡಿ ಬಂದ ಮಕ್ಕಳು ಅಲ್ಲಿ ದುಡಿಯುವವರ ಕಾಯಕವನ್ನೂ ಅರಿತು ಬರಲಿ.