ಇತಿಹಾಸವನ್ನು ಕಥೆಯಾಗಿ ಓದುವ ಸುಖ

ಮಕ್ಕಳು ಪರೀಕ್ಷೆಗೆಂದು ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡುವುದನ್ನು ನೀವು ಅಡುಗೆಮನೆಯಿಂದಲೇ ಕೇಳಿರುತ್ತೀರಿ. ಯಾವ ರಾಜ ಯಾರನ್ನು ಸೋಲಿಸಿದ, ಯಾವ ಒಪ್ಪಂದ ಯಾವಾಗ ಆಯಿತು? ಪರೀಕ್ಷೆ ಮುಗಿದ ಮರುದಿನವೇ ಎಲ್ಲವೂ ಮರೆತುಹೋಗುತ್ತದೆ. ನಾವೂ ಹಾಗೆಯೇ ಓದಿ, ಹಾಗೆಯೇ ಮರೆತವರು.

ಆದರೆ ರಾಜ ಸೋತ ದಿನ ರಾತ್ರಿ ಆ ಊರಿನ ಮನೆಗಳಲ್ಲಿ ಒಲೆ ಉರಿದಿತ್ತೇ? ತಾಯಂದಿರು ಮಕ್ಕಳಿಗೆ ಏನು ಹೇಳಿ ಮಲಗಿಸಿದರು? ಪಠ್ಯಪುಸ್ತಕ ಇದನ್ನು ಹೇಳುವುದಿಲ್ಲ. ಒಳ್ಳೆಯ ಐತಿಹಾಸಿಕ ಕಾದಂಬರಿಯೊಂದು ನಮ್ಮ ಕೈ ಹಿಡಿದು ಆ ಮನೆಯೊಳಗೇ ಕರೆದೊಯ್ಯುತ್ತದೆ.

ಒಂದು ಉದಾಹರಣೆ ನೋಡೋಣ. 1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಮ್ ರಾಜ್ಯವಾದ ಗ್ರಾನಡಾ ಶರಣಾಯಿತು. ಕೊನೆಯ ಸುಲ್ತಾನ ಅಬೂ ಅಬ್ದುಲ್ಲಾ ಅರಮನೆ ಬಿಟ್ಟು ಹೊರಟ. ಉರ್ದು ಬಲ್ಲ ಮನೆಗಳ ಹಿರಿಯರನ್ನು ಕೇಳಿ ನೋಡಿ, ನಸೀಮ್ ಹಿಜಾಝಿಯವರ 'ಶಾಹೀನ್' ಕಾದಂಬರಿಯನ್ನು ನೆನಪಿಸಿಕೊಂಡಾರು. ಅದರಲ್ಲಿ ಈ ಪತನದ ಕಾಲದ ಯುದ್ಧವಿದೆ, ವೀರರಿದ್ದಾರೆ, ದ್ರೋಹವಿದೆ. ಓದಲು ಕುಳಿತರೆ ಎದ್ದೇಳಲು ಮನಸ್ಸಾಗುವುದಿಲ್ಲ.

ಇದೇ ಗ್ರಾನಡಾದ ಬಗ್ಗೆ ಈಜಿಪ್ಟಿನ ಲೇಖಕಿ ರದ್ವಾ ಆಶೂರ್ (1946-2014) ಕೂಡ ಬರೆದರು. 1994-95ರಲ್ಲಿ ಅರಬಿಯಲ್ಲಿ ಪ್ರಕಟವಾದ ಅವರ ಮೂರು ಭಾಗಗಳ ಕಾದಂಬರಿಯಲ್ಲಿ ಅರಮನೆಗಿಂತ ಒಬ್ಬ ಪುಸ್ತಕ ಕಟ್ಟುವವನ ಮನೆಯೇ ಮುಖ್ಯ. ಅಜ್ಜ ಅಬೂ ಜಾಫರ್ ಚರ್ಮದ ಹೊದಿಕೆ ಹಾಕಿ ಗ್ರಂಥಗಳನ್ನು ಸಿದ್ಧಪಡಿಸುವವನು. ಮೊಮ್ಮಗಳು ಸಲೀಮಾಗೆ ಓದಿನ ಹುಚ್ಚು. ನಗರದ ಚೌಕದಲ್ಲಿ ಅರಬಿ ಗ್ರಂಥಗಳ ರಾಶಿಗೆ ಬೆಂಕಿಯಿಡುವುದನ್ನು ಅಜ್ಜ ಕಣ್ಣಾರೆ ಕಾಣುತ್ತಾನೆ. ಆ ನೋವಿನಲ್ಲೇ ಅವನ ಪ್ರಾಣ ಹೋಗುತ್ತದೆ. ಸಲೀಮಾ ಪುಸ್ತಕಗಳನ್ನು ಬಚ್ಚಿಟ್ಟು ಓದುತ್ತಾಳೆ, ಗಿಡಮೂಲಿಕೆಗಳಿಂದ ರೋಗಿಗಳಿಗೆ ಮದ್ದು ಮಾಡುತ್ತಾಳೆ. ಕೊನೆಗೆ ಅದೇ ಅವಳಿಗೆ ಮುಳುವಾಗುತ್ತದೆ. ಮಾಟಗಾತಿಯೆಂದು ವಿಚಾರಣೆ ನಡೆಸಿ ಅವಳನ್ನು ಸುಡುತ್ತಾರೆ.

ಓದುತ್ತಾ ನಿಮ್ಮ ಕಣ್ಣು ಒದ್ದೆಯಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಸ್ವಲ್ಪ ನಿಂತು ಕೇಳಿಕೊಳ್ಳಬೇಕು: ಇದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು?

ಗ್ರಾನಡಾ ಶರಣಾದಾಗ ಆದ ಒಪ್ಪಂದದಲ್ಲಿ ಮುಸ್ಲಿಮರ ಧರ್ಮ ಮತ್ತು ಆಸ್ತಿಗೆ ರಕ್ಷಣೆಯ ಭರವಸೆ ಇದ್ದುದು ನಿಜ. ಹತ್ತು ವರ್ಷ ತುಂಬುವ ಮೊದಲೇ ಬಲವಂತದ ಮತಾಂತರ ನಡೆದದ್ದು, ಗ್ರಂಥಗಳನ್ನು ಸುಟ್ಟದ್ದು ನಿಜ. 1609ರಲ್ಲಿ ಅವರ ಸಂತತಿಯವರನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟದ್ದೂ ನಿಜ. ಆದರೆ ಅಬೂ ಜಾಫರ್, ಸಲೀಮಾ ಲೇಖಕಿಯ ಕಲ್ಪನೆಯ ಕೂಸುಗಳು. ರಾಜರ ದಾಖಲೆಗಳಲ್ಲಿ ಇಂಥ ಸಾಮಾನ್ಯ ಹೆಣ್ಣುಮಕ್ಕಳ ಹೆಸರು ಸಿಗುವುದು ಅಪರೂಪ. ಆ ಖಾಲಿ ಜಾಗವನ್ನು ಲೇಖಕಿ ಕಥೆಯಿಂದ ತುಂಬಿದ್ದಾರೆ.

ಈ ವ್ಯತ್ಯಾಸ ತಿಳಿದರೆ ಓದಿನ ಸುಖ ಕಡಿಮೆಯಾಗುವುದೇ? ಖಂಡಿತ ಇಲ್ಲ. ಅಡುಗೆಗೆ ಯಾವ ಮಸಾಲೆ ಬಿದ್ದಿದೆಯೆಂದು ತಿಳಿದವಳು ಅದನ್ನು ಇನ್ನಷ್ಟು ಸವಿಯುತ್ತಾಳೆ. ತಿಳಿಯದಿದ್ದರೆ ಮಾತ್ರ ಅಪಾಯ. ಕಾದಂಬರಿಯ ದುಷ್ಟ ಪಾತ್ರವನ್ನು ಇತಿಹಾಸವೆಂದೇ ನಂಬಿ, ನೂರಾರು ವರ್ಷಗಳ ಹಿಂದಿನ ಸಿಟ್ಟನ್ನು ಇಂದಿನ ನೆರೆಮನೆಯವರ ಮೇಲೆ ತೀರಿಸಿಕೊಳ್ಳುವವರಿದ್ದಾರೆ. ನಮ್ಮವರ ಬಗ್ಗೆ ಹಾಗೆ ನಂಬಿದಾಗ ನಮಗೆ ನೋವಾಗುತ್ತದೆ. ಹಾಗಿರುವಾಗ ಇತರರ ಬಗ್ಗೆ ನಾವೂ ಹಾಗೆ ನಂಬಬಾರದಲ್ಲವೇ? 'ಶಾಹೀನ್' ಇರಲಿ, ಗ್ರಾನಡಾದ ಕಥೆಯಿರಲಿ, ಎಲ್ಲದಕ್ಕೂ ಒಂದೇ ಅಳತೆಗೋಲು ಇರಬೇಕು.

ಕನ್ನಡದಲ್ಲೂ ಇಂಥ ಓದಿಗೆ ಬರವಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಚಿಕವೀರ ರಾಜೇಂದ್ರ' 1834ರಲ್ಲಿ ಬ್ರಿಟಿಷರ ಪಾಲಾದ ಕೊಡಗಿನ ಕಥೆ. ಒಬ್ಬ ಅರಸನ ದುರ್ಗುಣಗಳಿಗೆ ಒಂದು ನಾಡೇ ಹೇಗೆ ಬೆಲೆ ತೆತ್ತಿತೆಂದು ಅದು ತೋರಿಸುತ್ತದೆ. ನಿರಂಜನರ 'ಚಿರಸ್ಮರಣೆ' ಕಯ್ಯೂರಿನ ರೈತರ ಹೋರಾಟದ ಕಥೆ. ಆ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1943ರ ಮಾರ್ಚ್ 29ರಂದು ಅಲ್ಲಿನ ನಾಲ್ವರು ತರುಣರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಒಬ್ಬನ ಹೆಸರು ಅಬೂಬಕರ್. ಜೊತೆಗಿದ್ದ ಮೂವರೂ ಹಿಂದೂಗಳು. ನಮ್ಮ ಮಕ್ಕಳು ಇದನ್ನು ತಿಳಿಯುವುದು ಬೇಡವೇ?

ಸಹೋದರಿ, ಮನೆಗೆಲಸ ಮುಗಿದ ಮೇಲೆ ದಿನಕ್ಕೆ ಹತ್ತು ಪುಟ ಓದಿದರೂ ಸಾಕು. ಲೇಖಕರ ಮುನ್ನುಡಿಯನ್ನು ಬಿಡದೆ ಓದಿ. ಎಷ್ಟೋ ಸಲ ಯಾವುದು ನಿಜ, ಯಾವುದು ಕಲ್ಪನೆ ಎಂದು ಅವರೇ ಹೇಳಿರುತ್ತಾರೆ. ಅನುಮಾನ ಬಂದಲ್ಲಿ ಒಂದು ಗುರುತು ಹಾಕಿ, ಗ್ರಂಥಾಲಯದಲ್ಲಿ ಅದೇ ಕಾಲದ ಇತಿಹಾಸದ ಪುಸ್ತಕವನ್ನೂ ಕೇಳಿ ತನ್ನಿ. ರಾತ್ರಿ ಊಟದ ಹೊತ್ತಿಗೆ ಕಥೆಯನ್ನು ಮಕ್ಕಳಿಗೆ ಹೇಳಿ. "ಇದು ನಿಜವಾಗಿಯೂ ನಡೆದದ್ದಾ ಉಮ್ಮಾ?" ಎಂದು ಅವರು ಕೇಳಿದರೆ ಸಂತೋಷಪಡಿ. ಬಾಯಿಪಾಠದಿಂದ ಹುಟ್ಟದ ಪ್ರಶ್ನೆ ಅದು. ಉತ್ತರವನ್ನು ಅವರೊಂದಿಗೆ ಸೇರಿ ನೀವೂ ಹುಡುಕಿ.